ಬಿಸಿಯೂಟದ ಬೇಳೆ ಯಾಕೆ ಬೇಯಲಿಲ್ಲ

ಉಂಡೆದ್ದ ಮಕ್ಕಳ ತಟ್ಟೆಯ ಅಂಚಿನಲ್ಲಿ ತೊಗರಿಬೇಳೆ ಸಾಲಾಗಿ ಕೂತಿರುವುದನ್ನು ನೀವು ನೋಡಿದ್ದೀರೋ ಇಲ್ಲವೋ, ನಮ್ಮ ಶಾಲೆಯಲ್ಲಿ ಕೆಲವು ತಿಂಗಳು ಅದು ದಿನನಿತ್ಯದ ನೋಟವಾಗಿತ್ತು. ಸರಿಯಾಗಿ ಬೆಂದ ಬೇಳೆ ತಟ್ಟೆಯಲ್ಲಿ ಉಳಿಯುವ ಜಾತಿಯದಲ್ಲ. ಸಾರಿನಲ್ಲಿ ಕರಗಿ, ಅನ್ನದೊಳಗೆ ಸೇರಿ, ತಾನೊಂದು ಇದ್ದೆನೆಂಬುದನ್ನೇ ಮರೆಸಿಬಿಡುತ್ತದೆ. ಅರೆಬೆಂದದ್ದು ಮಾತ್ರ ಹಲ್ಲಿಗೆ ಸಿಕ್ಕಿ ತನ್ನ ಇರವನ್ನು ಸಾರುತ್ತದೆ. ಮಕ್ಕಳು ಅದನ್ನು ಬೆರಳಿನಿಂದ ಆರಿಸಿ ಅಂಚಿಗೆ ಒತ್ತುತ್ತಿದ್ದರು, ಬೇಸರವಾದರೆ ಪಕ್ಕದವರ ಮೇಲೆ ಚಿಮ್ಮುತ್ತಿದ್ದರು. ನಾನು ಗದರುತ್ತಿದ್ದೆ.

ನಮ್ಮದು ಮಧುರೆ ಹೋಬಳಿಯ ಒಂದು ಸಣ್ಣ ಸರ್ಕಾರಿ ಪ್ರಾಥಮಿಕ ಶಾಲೆ. ದೊಡ್ಡಬಳ್ಳಾಪುರದಿಂದ ದಿನವೂ ಸ್ಕೂಟರಿನಲ್ಲಿ ಹೋಗಿಬರುವ ನಾನು ಅಲ್ಲಿ ನಾಲ್ಕು ಮತ್ತು ಐದನೇ ತರಗತಿಗಳಿಗೆ ಒಟ್ಟಿಗೇ ಪಾಠ ಹೇಳುತ್ತೇನೆ, ಮುಖ್ಯಶಿಕ್ಷಕಿಯ ಕುರ್ಚಿಯೂ ನನ್ನದೇ. ಅಡುಗೆ ಜಯಮ್ಮನವರದು. ಅವರ ಸಾರಿನ ಘಮಕ್ಕೆ ಮಕ್ಕಳ ಲೆಕ್ಕ ತಪ್ಪುತ್ತಿದ್ದ ಕಾಲವೂ ಒಂದಿತ್ತು. ಅಂಥ ಜಯಮ್ಮನ ಕೈಗೆ ಈಗ ಏನಾಯಿತೋ ಎಂದು ಊರೆಲ್ಲ ಮಾತಾಡತೊಡಗಿತು. ಒಂದು ಮಧ್ಯಾಹ್ನ ಶಾಲಾ ಸಮಿತಿಯ ಅಧ್ಯಕ್ಷ ಮುನಿರಾಜು, ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಬೆಳಗಿನ ಶಿಫ್ಟ್ ಮುಗಿಸಿಕೊಂಡು ನೇರ ಶಾಲೆಗೇ ಬಂದು, ತಳದಲ್ಲಿ ಉಳಿದಿದ್ದ ಸಾರಿಗೆ ಸೌಟು ಹಾಕಿ ಕೆದಕಿದರು.

"ಇದೇನ್ ಜಯಮ್ಮಾ, ಬೇಳೆನೋ ಜಲ್ಲಿನೋ? ವಯಸ್ಸಾಯ್ತು, ಕೈಲಾಗಲ್ಲ ಅಂದ್ರೆ ಹೇಳ್ಬಿಡು. ಶನಿವಾರ ಮೀಟಿಂಗಲ್ಲಿ ಬೇರೆಯವ್ರನ್ನ ನೋಡ್ತೀವಿ."

"ನಾನೇನ್ಮಾಡ್ಲಪ್ಪ, ಎಷ್ಟು ಹೊತ್ತು ಕುದಿಸಿದ್ರೂ ಅದು ಒಡೀತಿಲ್ಲ," ಎಂದರು ಜಯಮ್ಮ. ಅಷ್ಟು ಹೇಳಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದರು. ಅವರ ಮೊಮ್ಮಗಳು ಹರ್ಷಿತಾ ನಮ್ಮ ಶಾಲೆಯಲ್ಲೇ ಐದನೇ ತರಗತಿ. ಅವಳು ನಲ್ಲಿಯ ಹತ್ತಿರ ತಟ್ಟೆ ತೊಳೆಯುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಇಲ್ಲಿ ನನ್ನ ಕಷ್ಟವನ್ನೂ ಸ್ವಲ್ಪ ಹೇಳಿಕೊಳ್ಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆಗಷ್ಟೇ ನಮಗೆಲ್ಲ ತರಬೇತಿ ಆಗಿತ್ತು. ಮಗುವೇ ಪ್ರಶ್ನೆ ಕೇಳಬೇಕು, ಮಗುವೇ ಹುಡುಕಬೇಕು, ಶಿಕ್ಷಕರು ಉತ್ತರ ಹೇಳಬಾರದು ಎಂಬುದು ಅದರ ಸಾರಾಂಶ. ನನ್ನಂಥವಳಿಗೆ ಇದು ಸೀನು ತಡೆದುಕೊಂಡಷ್ಟೇ ಕಷ್ಟ. ಉತ್ತರ ಗೊತ್ತಿದ್ದೂ ಸುಮ್ಮನಿರುವುದೆಂದರೆ ನನಗೆ ಮೂಗೆಲ್ಲ ಕಡಿಯುತ್ತದೆ. ಹಾಗಾಗಿ ನಾವು ಮಾಡುತ್ತಿದ್ದುದೇನೆಂದರೆ, ಬೀಜ ಮೊಳೆಯಲು ಏನು ಬೇಕು, ನೆರಳು ಯಾವಾಗ ಉದ್ದವಾಗುತ್ತದೆ ಎಂಬಂಥ, ಉತ್ತರವು ಪುಸ್ತಕದ ಮುಂದಿನ ಪುಟದಲ್ಲೇ ಅಚ್ಚಾಗಿರುವ ಪ್ರಶ್ನೆಗಳನ್ನು ಎತ್ತಿಕೊಂಡು, ಗೊತ್ತಿಲ್ಲದವರಂತೆ ಹುಬ್ಬೇರಿಸಿ ನಿಲ್ಲುವುದು. ಮಕ್ಕಳೇನು ದಡ್ಡರೇ? ಮಿಸ್ಸಿಗೆ ಗೊತ್ತಿದೆ, ಬೇಕಂತಲೇ ಆಟ ಆಡಿಸುತ್ತಿದ್ದಾರೆ ಎಂದು ಅವರಿಗೂ ತಿಳಿದಿತ್ತು, ನನ್ನ ಮುಖ ನೋಡಿಯೇ ಉತ್ತರ ಹೇಳುತ್ತಿದ್ದರು.

ಮುನಿರಾಜು ಬಂದುಹೋದ ಮರುದಿನ ಹರ್ಷಿತಾ ಎದ್ದು ನಿಂತಳು. "ಮಿಸ್, ಒಂದು ಪ್ರಶ್ನೆ. ನಮ್ಮಜ್ಜಿ ಮನೇಲಿ ಮಾಡೋ ಬೇಳೆ ಬೆಣ್ಣೆ ಥರ ಬೇಯುತ್ತೆ. ಸ್ಕೂಲಲ್ಲಿ ಯಾಕೆ ಬೇಯಲ್ಲ?"

ದೇವರಾಣೆ, ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದಕ್ಕಿಂತ ಭಯ ಹೆಚ್ಚಾಗಿತ್ತು. ಹುಡುಕುತ್ತ ಹೋಗಿ ಕಡೆಗೆ ಅವಳ ಅಜ್ಜಿಯ ತಪ್ಪೇ ಎಂದು ಬಂದುಬಿಟ್ಟರೆ? ಶನಿವಾರ ಜಯಮ್ಮನ ಕೆಲಸ ಹೋಗುವುದು, ಅದೂ ಮೊಮ್ಮಗಳ ಕೈಯಿಂದಲೇ. ಬೇಡ ಕೂತ್ಕೋ ಮಗಾ ಎನ್ನಲು ಬಾಯಿ ತೆರೆದವಳು, ಆ ಹುಡುಗಿಯ ಮುಖ ನೋಡಿ ಚಾಕ್‌ಪೀಸು ಕೈಗೆತ್ತಿಕೊಂಡೆ. ಅವಳಿಗೆ ಅದು ಆಟವಾಗಿರಲಿಲ್ಲ.

ಅನುಮಾನಗಳು ಒಂದೊಂದಾಗಿ ಬೋರ್ಡಿಗೇರಿದವು. ಬೇಳೆ ಹಳೆಯದಿರಬಹುದು. ಉರಿ ಸಾಲದಿರಬಹುದು. ಉಪ್ಪು ಮೊದಲೇ ಬಿದ್ದಿರಬಹುದು. ಅಜ್ಜಿಗೆ ವಯಸ್ಸಾಗಿರಬಹುದು ಎಂದು ಹಿಂದಿನಿಂದ ಯಾರೋ ಕೂಗಿದಾಗ ನಾನು ಕಣ್ಣು ಬಿಟ್ಟೆ. ಹರ್ಷಿತಾ ಮಾತ್ರ, "ಅದನ್ನೂ ಬರೀರಿ ಮಿಸ್," ಎಂದಳು. ಆಮೇಲೆ ಮುನಿರಾಜುವಿನ ಮಗ ತೇಜಸ್ ಎದ್ದ. "ನಮ್ಮನೇಲಿ ಬೇಳೆಗೆ ಫಿಲ್ಟರ್ ನೀರು ಹಾಕ್ತಾರೆ ಮಿಸ್. ಇಲ್ಲಿ ಬೋರ್ ನೀರು." ಊರ ಬಾಗಿಲಲ್ಲಿ ನಾಣ್ಯ ಹಾಕಿದರೆ ಕ್ಯಾನು ತುಂಬುವ ಶುದ್ಧ ನೀರಿನ ಘಟಕವಿದೆ, ಅದರ ನೀರನ್ನೇ ಎಲ್ಲರೂ ಫಿಲ್ಟರ್ ನೀರು ಎನ್ನುವುದು. ಹರ್ಷಿತಾಳ ಮನೆಯಲ್ಲೂ ಅದೇ ನೀರು. ಶಾಲೆಗೆ ಮಾತ್ರ ಹೋದ ಬೇಸಿಗೆಯಲ್ಲಿ ಹಳೆಯ ಬೋರು ಬತ್ತಿದ ಮೇಲೆ ಹೊಸದನ್ನು ಇನ್ನೂ ಆಳಕ್ಕೆ ಕೊರೆಸಿದ್ದರು. ಅದಕ್ಕಾಗಿ ಪಂಚಾಯಿತಿಗೆ ಅಲೆದಲೆದು ಚಪ್ಪಲಿ ಸವೆಸಿದವರು ಬೇರಾರೂ ಅಲ್ಲ, ಮುನಿರಾಜುವೇ.

ಸರಿ, ನೋಡಿಯೇಬಿಡೋಣ ಎಂದಾಯಿತು. ಒಂದೇ ಅಳತೆಯ ಎರಡು ಪಾತ್ರೆ, ಒಂದೇ ಚೀಲದ ಬೇಳೆ, ಒಂದೇ ಉರಿ. ಬೇರೆಯಾಗಿರುವುದು ನೀರು ಮಾತ್ರ. ಒಲೆ ಹಚ್ಚಿದವಳು ನಾನು. ಮಕ್ಕಳು ಬಾಗಿಲಾಚೆ ಒಬ್ಬರ ಹೆಗಲ ಮೇಲೊಬ್ಬರು ಕತ್ತು ಚಾಚಿ ನಿಂತಿದ್ದರು. ನೀರು ಕುದಿ ಬರುವ ಹೊತ್ತಿಗೆ, ಪಕ್ಕದಲ್ಲೇ ಕೂತಿದ್ದ ಜಯಮ್ಮನ ಕೈ ತನ್ನ ಪಾಡಿಗೆ ತಾನು ಡಬ್ಬಿಗೆ ಹೋಗಿ, ಬೋರ್ ನೀರಿನ ಪಾತ್ರೆಗೆ ಚಿಟಿಕೆ ಅರಿಶಿನವನ್ನೂ ಒಂದು ತೊಟ್ಟು ಎಣ್ಣೆಯನ್ನೂ ಹಾಕಿಬಿಟ್ಟಿತು. ಬೇಳೆ ಕುದಿಯುವುದನ್ನು ಕಂಡರೆ ಆ ಕೈ ಸುಮ್ಮನಿರುವುದಾದರೂ ಹೇಗೆ?

"ಅಯ್ಯೋ, ಎಲ್ಲಾ ಕೆಟ್ಟೋಯ್ತು!" ಎಂದು ತೇಜಸ್ ತಲೆ ಮೇಲೆ ಕೈ ಹೊತ್ತುಕೊಂಡ.

"ಅಯ್ಯೋ ಬಿಡೋ, ಎಣ್ಣೆ ಹಾಕಿದ್ರೆ ಬೇಳೆ ಬೇಗ ಬೇಯುತ್ತೆ ಕಣೋ," ಎಂದರು ಜಯಮ್ಮ.

"ಅದಕ್ಕೇ ಹಾಕ್ಬಾರ್ದು!" ಹರ್ಷಿತಾ ಬಾಗಿಲು ದಾಟಿ ಒಳಗೇ ಬಂದಳು. "ಅಜ್ಜಿ, ನೀನು ಆಚೆ ಹೋಗು. ನೀನಿಲ್ಲಿ ಇರ್ಬೇಡ."

ತನ್ನದೇ ಅಡುಗೆಮನೆಯಿಂದ ಜಯಮ್ಮ ಎದ್ದು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಹೊಂಗೆ ಮರದ ಕೆಳಗೆ ಹೋಗಿ ಕೂತರು. ಎರಡೂ ಪಾತ್ರೆ ಚೆಲ್ಲಿ, ತೊಳೆದು, ಮೊದಲಿನಿಂದ ಶುರುಮಾಡಿದೆವು. ಒಟ್ಟಿಗೇ ಒಲೆ ಆರಿಸಿ, ಒಟ್ಟಿಗೇ ಸೌಟಿಂದ ಒತ್ತಿ ನೋಡಿದರೆ, ಫಿಲ್ಟರ್ ನೀರಿನ ಬೇಳೆ ಹಿಟ್ಟಾಗಿ ಕರಗಿತ್ತು, ಬೋರ್ ನೀರಿನದು ಇಡಿ ಇಡಿಯಾಗಿ ಸೌಟಿನಡಿಯಿಂದ ಜಾರುತ್ತಿತ್ತು. ಗಡಸು ನೀರು ಎಂಬ ಪದ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಗೋ ನುಂಗಿಕೊಂಡೆ, ಏಕೆಂದರೆ ಮಕ್ಕಳು ಆಗಲೇ ನಲ್ಲಿಯ ಮೂತಿಗೆ ಕಟ್ಟಿದ್ದ ಬಿಳಿಯ ಪೊರೆಯನ್ನು ಉಗುರಿನಿಂದ ಕೆರೆದು ನೋಡುತ್ತಿದ್ದರು. ಅದೇ ನಲ್ಲಿಯಲ್ಲಿ ದಿನವೂ ಕೈ ತೊಳೆಯುವ ನಮ್ಮ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

ಶನಿವಾರದ ಮೀಟಿಂಗಿನಲ್ಲಿ, ಎರಡೂ ನೀರಿನಲ್ಲಿ ಬೇಯಿಸಿದ ಬೇಳೆಯ ಎರಡು ಬಟ್ಟಲು ಮೇಜಿಗೆ ಬಂದವು. ಮುನಿರಾಜು ಎರಡನ್ನೂ ಬೆರಳಲ್ಲಿ ಹಿಸುಕಿ ನೋಡಿದರು. ತಾನು ಅಷ್ಟು ಓಡಾಡಿ ಕೊರೆಸಿದ ಬೋರಿನ ಮೇಲೆ ಮಾತು ಬಂದರೆ ಯಾರಿಗೆ ತಾನೆ ಹಿಡಿಸೀತು? ಹರ್ಷಿತಾಳನ್ನು ದಿಟ್ಟಿಸಿ, "ನಿಮ್ಮಜ್ಜಿ ಅಂತ ಹಿಂಗೆಲ್ಲಾ ಹೇಳ್ತಿದ್ದೀಯೇನವ್ವಾ?" ಎಂದರು.

"ಇಲ್ಲ ಅಂಕಲ್. ಅಜ್ಜಿನ ಆಚೆ ಕಳ್ಸೇ ಮಾಡಿದ್ದು. ಬೇಕಾದ್ರೆ ತೇಜಸ್‌ನ ಕೇಳಿ."

ತೇಜಸ್ ಅಪ್ಪನ ಮುಖ ನೋಡದೆ ತಲೆಯಾಡಿಸಿದ. ಮುನಿರಾಜು ಬೆರಳಿಗೆ ಅಂಟಿದ್ದ ಬೇಳೆಯನ್ನು ಒರೆಸಿಕೊಂಡು, "ಅಡುಗೆಗೆ ಫಿಲ್ಟರ್ ನೀರಿನ ಕ್ಯಾನ್ ಸೋಮವಾರದಿಂದ ನಾನೇ ಕಳಿಸ್ತೀನಿ ಮೇಡಂ. ಜಯಮ್ಮ ಇರ್ಲಿ," ಎಂದರು. ಕ್ಷಮೆ ಗಿಮೆ ಏನೂ ಇಲ್ಲ. ನನಗೆ ಮಾತ್ರ ಅಷ್ಟಕ್ಕೇ ಕಣ್ಣು ತುಂಬಿತು.

ಎಲ್ಲರೂ ಹೋದ ಮೇಲೆ ಜಯಮ್ಮ ನನ್ನ ಬಳಿ ಬಂದರು. ಕೆಲಸ ಉಳಿದ ಸಂತೋಷಕ್ಕಿಂತ ಬೇರೇನೋ ಅವರನ್ನು ಕೊರೆಯುತ್ತಿತ್ತು. "ಊರೋರು ಅಂದ್ರು, ಅನ್ಲಿ ಬಿಡಿ ಮೇಡಂ. ಇವ್ಳೂ ನನ್ನ ಮೇಲೆ ಅನುಮಾನ ಪಟ್ಳಲ್ಲ. ನನ್ನೇ ಆಚೆಗೆ ಕಳ್ಸಿದ್ಳಲ್ಲ."

ಬ್ಯಾಗು ಹೆಗಲಿಗೇರಿಸುತ್ತಿದ್ದ ಹರ್ಷಿತಾಳನ್ನು ಕರೆದು, ಮೊದಲ ದಿನದಿಂದ ನನ್ನನ್ನು ಹೆದರಿಸುತ್ತಿದ್ದ ಆ ಪ್ರಶ್ನೆಯನ್ನು ಅಜ್ಜಿಯ ಎದುರಿಗೇ ಕೇಳಿಬಿಟ್ಟೆ: "ಅಲ್ಲ ಕಣೇ, ಎರಡು ಬೇಳೆನೂ ಒಂದೇ ಥರ ಬೆಂದುಬಿಟ್ಟಿದ್ರೆ? ತಪ್ಪು ಅಜ್ಜಿದೇ ಅಂತ ಆಗಿದ್ರೆ ಏನ್ ಮಾಡ್ತಿದ್ದೆ?"

ಇದೆಂಥ ಪ್ರಶ್ನೆ ಎಂಬಂತೆ ಅವಳು ನನ್ನನ್ನೂ ಅಜ್ಜಿಯನ್ನೂ ನೋಡಿದಳು.

"ಎಲ್ಲಿ ತಪ್ಪಾಗ್ತಿದೆ ಅಂತ ಗೊತ್ತಾಗ್ತಿತ್ತಲ್ಲ ಮಿಸ್, ಅಜ್ಜಿಗೆ ಹೇಳ್ಕೊಡ್ತಿದ್ದೆ," ಎಂದವಳೇ ಅಜ್ಜಿಯ ಕೈ ಹಿಡಿದು, "ನಡಿ ಅಜ್ಜಿ, ಹೊಟ್ಟೆ ಹಸೀತಿದೆ," ಎಂದು ಎಳೆದುಕೊಂಡು ಹೊರಟಳು.