ಎಡಗಿವಿಯ ಅಳತೆ

ನನ್ನ ಎಡಗಿವಿಯ ತೂತು ಬಲಗಿವಿಯದಕ್ಕಿಂತ ದೊಡ್ಡದೆಂಬ ಸತ್ಯ ಐವತ್ತಾರು ವರ್ಷಗಳ ಕಾಲ ನನ್ನಿಂದ ಮರೆಯಾಗಿತ್ತು. ದಿನವೂ ಕನ್ನಡಿಯ ಮುಂದೆ ನಿಲ್ಲುವ ಮನುಷ್ಯ ಉದುರಿದ ಕೂದಲಿಗೆ ಶೋಕಿಸುತ್ತಾನೆಯೇ ಹೊರತು ಕರ್ಣರಂಧ್ರದ ಕ್ಷೇತ್ರಫಲ ಕಂಡುಹಿಡಿಯಲು ಹೊರಡುವುದಿಲ್ಲವಲ್ಲ! ಆದ್ದರಿಂದ ಇಯರ್‌ಫೋನ್ ಕೊಂಡಾಗ ಡಬ್ಬಿಯಲ್ಲಿದ್ದ ಮೂರು ಅಳತೆಯ ರಬ್ಬರ್ ಟೋಪಿಗಳಲ್ಲಿ ನಡುವಿನದನ್ನೇ ಎರಡೂ ಕಡೆ ತೊಡಿಸಿ, ಸಮಾನತೆಯ ತತ್ತ್ವವನ್ನು ಎತ್ತಿಹಿಡಿದ ತೃಪ್ತಿಯಲ್ಲಿದ್ದೆ.

ಕನಕಪುರದಲ್ಲಿ ಗಣಿತ ಕಲಿಸುವ ನನ್ನ ಮಗಳು ಸುಧಾ, ಮೂವತ್ತು ದಾಟಿದ ಮೇಲೆ ಹಟ ಹಿಡಿದು ಮೃದಂಗಕ್ಕೆ ಕೂತವಳು. ವಾರಕ್ಕೊಮ್ಮೆ ತನ್ನ ಅಭ್ಯಾಸವನ್ನು ಫೋನಿನಲ್ಲಿ ಮುದ್ರಿಸಿ ಕಳಿಸುತ್ತಿದ್ದಳು. ಚನ್ನಪಟ್ಟಣದಿಂದ ನಾನು ಕೆಲಸ ಮಾಡುವ ಮಾಗಡಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗುವಾಗ ಅದನ್ನು ಕೇಳಿ ನಾನು ವಿಮರ್ಶೆ ದಯಪಾಲಿಸುತ್ತಿದ್ದೆ. ವಿಮರ್ಶೆ ಸದಾ ಒಂದೇ: ಎಡಗೈ ಸಾಲದು, ಗುಂಕಾರವೇ ಇಲ್ಲ. ಮೃದಂಗವನ್ನು ಒಮ್ಮೆಯೂ ಮುಟ್ಟದ ನಾನು, ಎಡಮಗ್ಗುಲಿಗೆ ಮೆತ್ತುವ ರವೆಯ ಕಣಕವನ್ನು ಇನ್ನಷ್ಟು ದಪ್ಪ ಮಾಡೆಂದು ಉಪದೇಶವನ್ನೂ ಮಾಡಿದೆ. ಅವಳ ಗುರುಗಳು ಸರಿಯಾಗಿದೆ ಎಂದರೂ ಆಕೆ ನಂಬಿದ್ದು ಅಪ್ಪನನ್ನು. ಬಡಿದು ಬಡಿದು ಮಣಿಕಟ್ಟು ಊದಿತು. ಕಳೆದ ಭಾನುವಾರ ಫೋನ್ ಮಾಡಿ, ತನ್ನ ಮೊದಲ ಸಂಗೀತ ಕಚೇರಿಗೆ ಬೇರೆಯವರನ್ನು ನೋಡಿಕೊಳ್ಳಿ ಅಂತ ಗುರುಗಳಿಗೆ ಹೇಳಿಬಿಟ್ಟೆನೆಂದಳು.

ಸೋಮವಾರ ಬಸ್ಸಿನಲ್ಲಿ ಬೇಸರದಿಂದ ಅವಳ ಕೊನೆಯ ಧ್ವನಿಮುದ್ರಿಕೆ ಕೇಳುತ್ತಿದ್ದೆ. ರಸ್ತೆಯ ಒಂದು ಉಬ್ಬಿನ ಮೇಲೆ ಬಸ್ಸು ನೆಗೆದು ನನ್ನ ತಲೆ ಕಿಟಕಿಗೆ ಬಡಿಯಿತು. ಇಯರ್‌ಫೋನ್ ಕಿವಿಯೊಳಗೆ ಒತ್ತಿಕೊಂಡಿತು. ಆ ಕ್ಷಣ ಗುಮ್ ಎಂದಿತು ಮೃದಂಗ. ತಲೆ ಎತ್ತಿದರೆ ಗುಮ್ ಮಾಯ, ಬೆರಳಲ್ಲಿ ಒತ್ತಿದರೆ ಮತ್ತೆ ಹಾಜರು. ಹಾಗಾದರೆ ಎಡಗೈಯ ತಗ್ಗು ನಾದ ಇಷ್ಟು ದಿನ ಕಿವಿಯ ಸಂದಿಯಲ್ಲಿ ಸೋರಿಹೋಗುತ್ತಿತ್ತೇ? ತಪ್ಪು ನನ್ನ ಕಿವಿಯದಾಗಿದ್ದರೆ ಅದನ್ನು ಸಾಬೀತು ಮಾಡಿಯೇ ತೀರುವೆನೆಂದು ಅಲ್ಲೇ ಶಪಥ ಮಾಡಿದೆ.

ಮೂರು ದಿನ ಬಿಡಲಿಲ್ಲ. ಫೋನಿನಲ್ಲಿ ಬಾಸ್ ಏರಿಸಿದೆ, ಎಲ್ಲವೂ ಅಂಬಲಿಯಾಯಿತು. ಟೋಪಿಯನ್ನು ಜೋರಾಗಿ ತುರುಕಿದೆ. ಕಿವಿ ಕೆಂಪಾಯಿತು. ಎಲೆ ಅಡಿಕೆ ಮೆಲ್ಲುತ್ತಿದ್ದ ನನ್ನ ಹೆಂಡತಿ ಇದೇನು ವಯಸ್ಸಿಗೆ ತಕ್ಕ ಕೆಲಸವೇ ಎಂದಳು. ಕೊನೆಗೆ ಎದುರುಮನೆಯ ರಹಮತ್ ಸಾಹೇಬರ ಜಗುಲಿ ಸೇರಿದೆ. ಅವರು ನಲವತ್ತು ವರ್ಷದಿಂದ ಲೇತಿನಲ್ಲಿ ಗೊಂಬೆಗೆ ಬಳಸುವ ಮೆದುವಾದ ಆಲೆಮರ ಕಡೆದು, ಅರಗಿನ ಬಣ್ಣ ಹಚ್ಚಿ, ಕುಂಕುಮದ ಭರಣಿ ಮಾಡುವವರು. ಅವರ ಭರಣಿಯ ಮುಚ್ಚಳ ತೆಗೆದರೆ ಒಳಗಿನ ಗಾಳಿ ಪುಸಕ್ಕೆನ್ನಬೇಕು, ಇಲ್ಲದಿದ್ದರೆ ಅದನ್ನು ಮಾರುವುದಿಲ್ಲ. ನನ್ನ ಗೋಳನ್ನೆಲ್ಲ ಕೇಳಿ, ನನ್ನ ಕಿವಿಗಳನ್ನು ಮರದ ತುಂಡು ನೋಡುವಂತೆ ನೋಡಿದರು.

"ಒತ್ತಿದ್ರೆ ಯಾವ ಮುಚ್ಚಳಾನೂ ಕೂರಲ್ಲ ಸಾರ್, ಒಸಿ ತಿರುಗಿಸ್ತಾ ಬುಡಬೇಕು. ಒಂದು ಭರಣಿ ಮುಚ್ಚಳ ಇನ್ನೊಂದಕ್ಕೆ ನಾವೇ ಹಾಕಲ್ಲ. ಎರಡು ಕಿವಿಗೂ ಒಂದೇ ಅಳತೆ ಅಂತ ನಿಮಗ್ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ, ಓದುಗ ಮಹಾಶಯರೇ. ಎಡಕ್ಕೆ ದೊಡ್ಡ ಟೋಪಿ, ಬಲಕ್ಕೆ ಚಿಕ್ಕದು ತೊಡಿಸಿ, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಅವರು ಹೇಳಿದಂತೆ ಮೆಲ್ಲಗೆ ತಿರುಗಿಸಿ ಬಿಟ್ಟೆ. ಲೇತಿನ ಸದ್ದು ದೂರವಾಯಿತು. ಸುಧಾಳ ಮೊತ್ತಮೊದಲ ಮುದ್ರಿಕೆ ಹಾಕಿದೆ. ಎಡಗೈ ಇತ್ತು. ಮೊದಲ ವಾರದಿಂದಲೂ ಇತ್ತು. ತುಂಬಿದ ಕೊಡದ ಹಾಗೆ, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ. ಆಮೇಲಿನವುಗಳಲ್ಲಿ ಅದು ವಾರವಾರಕ್ಕೂ ಒರಟಾಗುತ್ತ ಹೋಗಿತ್ತು, ಅಷ್ಟೂ ನನ್ನ ಮಾತಿನ ಫಲ. ನಾಚಿಕೆಯಿಂದ ಕಣ್ಣು ತುಂಬಿತು. ಸಾಹೇಬರು ಬಣ್ಣದ ಕಡ್ಡಿ ಹುಡುಕುವ ನೆಪದಲ್ಲಿ ಒಳಗೆ ಹೋದರು.

ಅಲ್ಲಿಂದಲೇ ಸುಧಾಳಿಗೆ ಫೋನ್ ಮಾಡಿದೆ. ಟೋಪಿ, ತೂತು, ಭರಣಿ ಎಲ್ಲವನ್ನೂ ಒಪ್ಪಿಸಿ, ತಪ್ಪು ನಿನ್ನ ಕೈಯದಲ್ಲ ಮಗಳೇ, ನನ್ನ ಕಿವಿಯದು, ಕಚೇರಿಗೆ ನಾನೇ ಕೂರುತ್ತೇನೆಂದು ಇವತ್ತೇ ಗುರುಗಳಿಗೆ ಹೇಳು ಎಂದೆ. ಅವಳು ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಹೊಸ ಮುದ್ರಿಕೆ ಕಳಿಸು, ಈಗ ಸರಿಯಾಗಿ ಕೇಳಬಲ್ಲೆ ಎಂದು ಗೋಗರೆದೆ.

"ಕಳ್ಸಲ್ಲ ಕಣಪ್ಪ," ಎಂದಳು. "ಶನಿವಾರ ಮೃದಂಗ ಎತ್ಕೊಂಡು ಬತ್ತೀನಿ. ಕಿವಿಗೆ ಏನೂ ಇಕ್ಕದೆ ಎದುರಿಗೆ ಕೂತ್ಕೋ."