ಸಾವಿರದ ಒಂಬೈನೂರು ಕಂಪನಿಗಳಿಗೆ ಒಬ್ಬರೇ ವರ್ನಾ

ಬೆಳಗಿನ ಆರೂವರೆ. ಶೈಯನ್ ಪಟ್ಟಣದ ಗಾಳಿ ತಂದು ಸುರಿದ ಹಿಮವನ್ನು ವರ್ನಾ ಟ್ವೀಟನ್ ಕಚೇರಿಯ ಮೆಟ್ಟಿಲುಗಳಿಂದ ಸಲಿಕೆಯಲ್ಲಿ ಎತ್ತಿ ಹಾಕುತ್ತಿದ್ದಾರೆ. ಅರವತ್ತೊಂದರ ಮಂಡಿ ಪ್ರತಿಭಟಿಸುತ್ತದೆ. "ಸಮನ್ಸ್ ತರೋನು ಇಲ್ಲಿ ಜಾರಿಬಿದ್ರೆ ಅದೂ ಒಂದು ಕೇಸಾಗತ್ತೆ," ಎಂದು ನಗುತ್ತಾರೆ.

ಈ ಒಂದಂತಸ್ತಿನ ಇಟ್ಟಿಗೆ ಕಟ್ಟಡ ಸಾವಿರದ ಒಂಬೈನೂರು ಕಂಪನಿಗಳ ಅಧಿಕೃತ ವಿಳಾಸ. ಅವುಗಳ ಮಾಲೀಕರಲ್ಲಿ ಒಬ್ಬನೂ ಇಲ್ಲಿ ಕಾಲಿಟ್ಟವನಲ್ಲ. ಕಂಪನಿಯ ಮೇಲೆ ದಾವೆ ಹೂಡಿದವರ ಸಮನ್ಸ್ ಸ್ವೀಕರಿಸಲು ಕೆಲಸದ ವೇಳೆಯಲ್ಲಿ ಜೀವಂತ ಮನುಷ್ಯರೊಬ್ಬರು ಇರಲೇಬೇಕೆಂದು ಕಾನೂನು ಹೇಳುತ್ತದೆ. ಆ ಮನುಷ್ಯಜೀವಿ, ನೋಂದಾಯಿತ ಏಜೆಂಟ್ ಕಚೇರಿಯ ಏಕೈಕ ನೌಕರೆ, ವರ್ನಾ. ಹದಿನೇಳು ವರ್ಷಗಳಿಂದ ಮಧ್ಯಾಹ್ನದ ಊಟವೂ ಈ ಮೇಜಿನ ಮೇಲೆಯೇ. ಲಾಭ ಮಾಲೀಕರಿಗೆ, ಬೈಗುಳ ಇವರಿಗೆ.

ಕಳೆದ ಮಾರ್ಚಿನ ಹಿಮಬಿರುಗಾಳಿಗೆ ಊರೇ ಮುಚ್ಚಿದ್ದ ದಿನ ಡಲೋರಿಸ್ ಕೆಸ್ಲರ್ ಒಳನುಗ್ಗಿದರು. ಇದೇ ವಿಳಾಸದ ಕಂಪನಿಯೊಂದರ ಧಾನ್ಯದ ಕಣಜದಲ್ಲಿ ಮುರುಕು ಏಣಿಯಿಂದ ಬಿದ್ದು ಸತ್ತ ಕೂಲಿಯ ಹೆಂಡತಿ. ಸಮನ್ಸ್ ತಲುಪಿಸಲು ಅಂದೇ ಕಡೆಯ ದಿನ. ದಾವೆ ಹೂಡಿದವರು ತಾವೇ ಕೊಡುವಂತಿಲ್ಲವಾದ್ದರಿಂದ ಕಾಗದ ಜೊತೆಗೆ ಬಂದಿದ್ದ ಅಣ್ಣನ ಕೈಯಲ್ಲಿತ್ತು.

"ಎಲ್ಲಿ ಆ ಮಾಲೀಕ? ಆಚೆ ಕರಿಯೇ!"

"ಇಲ್ಲಿರೋದು ನಾನೊಬ್ಳೇ ಕಣಮ್ಮ. ನಿಮ್ಮಣ್ಣನ ಕೈಲಿ ಅದನ್ನ ನಂಗೆ ಕೊಡ್ಸು. ನನ್ನ ಕೈಗೆ ಬಂದ್ರೆ ಅವನ ಕೈಗೆ ಬಂದಂಗೇ."

"ಅವನಿಗೆ ಕೈ ಬೇರೆ ಇದೆಯಾ?"

ವರ್ನಾ ಅಣ್ಣನಿಂದ ಕಾಗದ ತೆಗೆದುಕೊಂಡು ಮೊಹರು ಒತ್ತಿ, ದಾಖಲೆ ಪುಸ್ತಕದಲ್ಲಿ ಬರೆದರು: ಹತ್ತು ಗಂಟೆ ನಲವತ್ತು ನಿಮಿಷ. ಅಂದೇ ಕಂಪನಿಗೆ ರವಾನಿಸಿದರು.

ಕಂಪನಿ ನ್ಯಾಯಾಲಯದಲ್ಲಿ ನಾಚಿಕೆಯಿಲ್ಲದೆ ಹೇಳಿತು: ಅಂದು ಕಚೇರಿಗೆ ಬೀಗ ಬಿದ್ದಿತ್ತು, ಕಾಗದ ಬಂದೇ ಇಲ್ಲ. ನ್ಯಾಯಾಧೀಶರು ಅದನ್ನು ನಂಬಿದ್ದರೆ ಡಲೋರಿಸರ ದಾವೆ ಅಲ್ಲಿಗೇ ಸಾಯುತ್ತಿತ್ತು. ವರ್ನಾ ದಾಖಲೆ ಪುಸ್ತಕ ಹಿಡಿದು ಕಟಕಟೆ ಹತ್ತಿದರು.

"ಆ ಬಿರುಗಾಳೀಲಿ ಹೇಗೆ ಬಂದ್ರಿ ಮೇಡಂ?" ಕಂಪನಿಯ ವಕೀಲರು ಕೆಣಕಿದರು.

"ನಡ್ಕೊಂಡು."

"ಎರಡು ಮೈಲಿ?"

"ಬಾಗಿಲು ತೆಗೀಬೇಕಿತ್ತಲ್ಲ ಸ್ವಾಮಿ. ನಿಮ್ಮ ಕಂಪನಿ ಇರೋದೇ ಅಲ್ಲಿ."

ದಾವೆ ಉಳಿಯಿತು. ಅದೇ ವಾರ ಕಂಪನಿ ತನ್ನ ವಿಳಾಸವನ್ನು ಎದುರು ಬದಿಯ ಇನ್ನೊಂದು ಇಟ್ಟಿಗೆ ಕಟ್ಟಡಕ್ಕೆ ಬದಲಿಸಿತು. ಸುಳ್ಳು ಹೇಳಿದ್ದಕ್ಕೆ ಶಿಕ್ಷೆಯಿಲ್ಲ. ವರ್ನಾರಿಗೆ ಕ್ಷಮಾಪಣೆಯ ಒಂದು ಸಾಲೂ ಇಲ್ಲ. ಮುರುಕು ಏಣಿಗೆ ಮನುಷ್ಯನನ್ನು ಹತ್ತಿಸಿದವನು ಇಂದಿಗೂ ಯಾರ ಕಣ್ಣಿಗೂ ಬೀಳದೆ ಸುಖವಾಗಿದ್ದಾನೆ. ಇದಕ್ಕೆ ನಾವು ವ್ಯವಸ್ಥೆ ಎಂದು ಹೆಸರಿಟ್ಟಿದ್ದೇವೆ.

ನಿಮಗೇನು ಬೇಕು ಎಂದರೆ ವರ್ನಾ ಸಲಿಕೆಯನ್ನು ಗೋಡೆಗೆ ಒರಗಿಸುತ್ತಾರೆ.

"ಒಬ್ಬ, ಒಬ್ಬೇ ಒಬ್ಬ ಮಾಲೀಕ ಈ ಮೆಟ್ಟಿಲು ಹತ್ತಿ ಬರ್ಲಿ. ಡಲೋರಿಸ್ ನಿಂತ ಜಾಗದಲ್ಲಿ ಒಂದು ಗಳಿಗೆ ನಿಲ್ಲಲಿ. ಹಿಮ ನಾನೇ ತೆಗ್ದಿರ್ತೀನಿ."