ರಾಖಿಯ ತಟ್ಟೆ

ವಡೋದರದ ಮಕರಪುರದಲ್ಲಿ ನಾನಿದ್ದ ಮೋಟಾರ್ ಕಾರ್ಖಾನೆಯ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ ಹೆಂಗಸೊಬ್ಬರಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಕೀಲಿಕೈ ಗೊಂಚಲನ್ನು ಬೆರಳಲ್ಲಿ ತಿರುಗಿಸುತ್ತ ಸದಾ ಓಡಾಡುತ್ತಿದ್ದರು. ಯಾರು ಏನು ಹೇಳಿದರೂ "ಪಛೀ?" ಅನ್ನುತ್ತಿದ್ದರು. "ಆಮೇಲೆ?" ಎಂದು ಕೇಳುವ ಗುಜರಾತಿ ಮಾತು ಅದು. ಆಕೆ ಕೇಳಿದರೆ ಸುಳ್ಳು ಹೇಳುವವರಿಗೆ ಬೆವರು ಬರುತ್ತಿತ್ತು.

ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಸಮಿತಿಗೆ ಹೆಂಗಸೇ ಮುಖ್ಯಸ್ಥೆಯಾಗಬೇಕೆಂದು ಸುಪ್ರೀಂ ಕೋರ್ಟ್ ಹೇಳಿತ್ತಲ್ಲ, ಅದಕ್ಕೇ ಮ್ಯಾನೇಜರು ಈಕೆಯ ಹೆಸರನ್ನು ಬೋರ್ಡಿನಲ್ಲಿ ಬರೆಸಿದ್ದರು. ಹೆಸರು ಬೋರ್ಡಿನಲ್ಲೇ ಇರುತ್ತದೆ ಅಂದುಕೊಂಡಿದ್ದರು.

ಮೋಟಾರಿಗೆ ತಂತಿ ಸುತ್ತುವ ವೈಂಡಿಂಗ್ ವಿಭಾಗದ ಹುಡುಗಿಯೊಬ್ಬಳು ತನ್ನ ಸೂಪರ್‌ವೈಸರ್ ಮೇಲೆ ದೂರು ಕೊಟ್ಟಳು. ಇಬ್ಬರನ್ನೂ ಕರೆಸಿದ ದಿನ ಮ್ಯಾನೇಜರು ರಾಖಿ, ಪೇಡಾ ಇಟ್ಟ ತಟ್ಟೆ ಹಿಡಿದು ಬಂದರು. ನಾನು ಹೇಳಿಕೆ ಬರೆದುಕೊಳ್ಳಲು ಕೂತಿದ್ದೆ.

"ಇವನು ಅವಳನ್ನ ದಿನಾ ಬೆನ್, ತಂಗೀ ಅಂತಲೇ ಕರೆಯೋದು. ಒಂದು ರಾಖಿ ಕಟ್ಟಿಬಿಡಲಿ, ಅಣ್ಣ ತಂಗಿ ಆಗ್ತಾರೆ."

"ಪಛೀ?"

"ಪಛೀ ಏನು ಬೆನ್, ಎಲ್ಲರೂ ಬಾಯಿ ಸಿಹಿ ಮಾಡ್ಕೊಂಡು ಕೆಲಸಕ್ಕೆ ಹೋಗೋದು."

ಹುಡುಗಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಕೀಲಿಕೈ ಸದ್ದು ನಿಂತಿತು.

"ರಾಖಿ ಕಟ್ಟಬೇಕಾದ್ರೆ ಅವಳು ಇವನ ಕೈ ಹಿಡೀಬೇಕಲ್ಲ ಸಾಹೇಬ್ರೇ. ದೂರು ಇರೋದೇ ಆ ಕೈ ಮೇಲೆ."

ಮ್ಯಾನೇಜರಿಗೆ ತಟ್ಟೆ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಆಕೆ ಹುಡುಗಿಯನ್ನು ಕೂರಿಸಿದರು. ಆಮೇಲೆ ಕುರ್ಚಿಯೊಂದನ್ನು ಎಳೆದು, ಸೂಪರ್‌ವೈಸರ್ ಎದುರಿಗೆ ತಾವೂ ಕೂತರು. ಅವರು ಅಷ್ಟು ಅಲುಗಾಡದೆ ಕೂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಅವತ್ತು ಇವಳು ಮಿಷಿನ್ ಹತ್ರ ಒಬ್ಬಳೇ ಇದ್ದಳು. ನೀನು ಬಂದೆ. ಪಛೀ?"